ಸ್ಕೇಲೂ ಡೊಂಕಾಗಿ ಕಂಡಿತು

"ಏನ್ರೀ, ಹಾಳಾದ ಮಾಲನ್ನೇ ಹುಡುಕಿ ಹುಡುಕಿ ಕಳಿಸ್ತೀರಾ ನೀವು?"

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗೌತಮಿಯ ದನಿ ಒಳಗೆ ಹೊಕ್ಕಿತ್ತು.

ಕಾಸರಗೋಡಿನ ಬೋವಿಕಾನ ಪೇಟೆಯ ಆ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಪ್ರವೀತ್ ಬೆಚ್ಚಿ ತಲೆ ಎತ್ತಿದ. ಎದುರಿಗೆ, ಹೊಸ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೆಂಡವಾಗಿ ನಿಂತಿದ್ದ ಹುಡುಗಿ!

ಪಾಪ, ಅವನ ತಪ್ಪೇನಿತ್ತು? ಅದನ್ನು ಮಾರಿದವನು ಅವನಲ್ಲ. ಗೌತಮಿ ಆನ್‌ಲೈನ್‌ನಲ್ಲಿ ತರಿಸಿದ್ದಳು. ಆ ಕಂಪನಿಯ ಸರ್ವಿಸ್ ಬೋರ್ಡು ಅವನ ಅಂಗಡಿಯ ಮೇಲಿತ್ತು, ಅಷ್ಟೇ. ಸಿಟ್ಟು ಬಂದವರಿಗೆ ಅಷ್ಟು ಧಾರಾಳ ಸಾಕು.

"ಕೂತ್ಕೊಳ್ಳಿ ಮಾರಾಯ್ರೆ. ಎಂತ ಆಯ್ತು ಹೇಳಿ."

"ಸ್ಕ್ರೀನು ಸರಿಯಿಲ್ಲ. ಮಸುಕು. ಒಂದ್ಸಲ ಇಲ್ಲಿ ಬರುತ್ತೆ, ಒಂದ್ಸಲ ಅಲ್ಲಿ. ಅಕ್ಷರಗಳನ್ನೇ ನುಂಗಿಹಾಕುತ್ತೆ! ರಿಟರ್ನ್ ಮಾಡೋಕೆ ಇವತ್ತೇ ಕೊನೇ ದಿನ. ಸರ್ವಿಸ್‌ನವರು ದೋಷ ಇದೆ ಅಂದ್ರೆ ವಾಪಸ್ ತಗೋತಾರಂತೆ. ನೀವು ಹೇಳಿ, ನಾನು ಹೋಗ್ತೀನಿ."

"ನೋಡದೆ ಹೇಳುದು ಹೇಗೆ? ನೋಡುವ."

ಅವಳ ಅವಸರಕ್ಕೆ ಕಾರಣವಿತ್ತು. ಗೌತಮಿ ಅರಸೀಕೆರೆಯವಳು. ಅಪ್ಪ ತೀರಿಕೊಂಡ ಮೇಲೆ ಬೋವಿಕಾನದ ಸೋದರತ್ತೆ ಸೌದಾಮಿನಿಯ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಪಠ್ಯಪುಸ್ತಕ ಅಚ್ಚು ಹಾಕುವವರಿಗೆ ಕರಡು ತಿದ್ದಿಕೊಡುವುದು ಅವಳ ಕೆಲಸ. ದಿನವಿಡೀ ಅಕ್ಷರ, ಬರೀ ಅಕ್ಷರ. ಕಣ್ಣೇ ಅವಳ ಅನ್ನ.

ಪ್ರವೀತ್ ಒಂದೊಂದಾಗಿ ಪರೀಕ್ಷಿಸಿದ. ಪರದೆಯನ್ನು ಪೂರ್ತಿ ಬಿಳಿ ಮಾಡಿದ, ಪೂರ್ತಿ ಕಪ್ಪು ಮಾಡಿದ, ಕೆಂಪು, ಹಸಿರು. ಬೆಳಗದೆ ಸತ್ತ ಚುಕ್ಕೆ ಒಂದೂ ಇಲ್ಲ. ಕೀಲಿಗಳನ್ನು ಒತ್ತಿ ನೋಡಿದ, ಸ್ಪೀಕರ್ ಕೇಳಿಸಿದ. ಎಲ್ಲ ಸರಿಯಾಗಿತ್ತು.

"ನನಗೆಂತದೂ ಕಾಣುದಿಲ್ಲವಲ್ಲ..."

"ನಿಮಗೆ ಕಾಣಲ್ಲ, ಯಾಕಂದ್ರೆ ನೀವು ಕಂಪನಿ ಕಡೆಯವರು!"

ಅವನಿಗೆ ನಗು ಬಂತು. ನಕ್ಕರೆ ಗ್ರಹಚಾರ ಎಂದು ನುಂಗಿಕೊಂಡು, ಪರದೆಯ ತುಂಬ ಅಡ್ಡ ಉದ್ದ ಗೆರೆಗಳ ಚೌಕುಳಿ ತೆರೆದ.

"ಈಗ ಎಲ್ಲಿ ಮಸುಕು ತೋರಿಸಿ."

"ಇಲ್ಲಿ. ಮಸುಕು ಮಾತ್ರ ಅಲ್ಲ, ಗೆರೇನೇ ಡೊಂಕಾಗಿದೆ. ನೋಡ್ರೀ!"

ಪ್ರವೀತ್ ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲನ್ನು ಎತ್ತಿ ಅವಳು ತೋರಿಸಿದ ಗೆರೆಯ ಪಕ್ಕಕ್ಕೆ ಹಿಡಿದ. "ಸೀದಾ ಉಂಟಲ್ಲ?"

ಗೌತಮಿ ಬಗ್ಗಿ ನೋಡಿದಳು.

ಗೆರೆ ಡೊಂಕಾಗಿತ್ತು. ಅದರ ಪಕ್ಕದಲ್ಲಿ... ಸ್ಕೇಲೂ ಡೊಂಕಾಗಿ ಕಂಡಿತು!

ಹದಿನಾರು ವರ್ಷಗಳ ಹಿಂದಿನ ಅಪ್ಪನ ಮಾತು ಕಿವಿಯಲ್ಲಿ ಕೇಳಿಸಿತು. 'ಬಾಗಿಲ ಚೌಕಟ್ಟು ಡೊಂಕಾಗಿದೆಯಲ್ಲೇ ಪುಟ್ಟಿ, ಆಚಾರಿ ಮೋಸ ಮಾಡಿದ ನೋಡು!' ಆಚಾರಿ ಮೋಸ ಮಾಡಿರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಪ್ಪನಿಗೆ ಮಗಳ ಮುಖ ಕಾಣುತ್ತಿರಲಿಲ್ಲ. ಅದರ ಮುಂದಿನ ವರ್ಷ ತವರಿಗೆ ಹೋದ ಅಮ್ಮ ತಿರುಗಿ ಬರಲೇ ಇಲ್ಲ.

'ದೇವರೇ... ಬೇಡ. ನನಗೆ ಬೇಡ!'

ಅವಳ ಮುಖ ಬಿಳುಚಿದ್ದನ್ನು ಪ್ರವೀತ್ ಕಂಡ. ಮೆಲ್ಲಗೆ ಹೇಳಿದ. "ಒಂದು ಕಣ್ಣು ಮುಚ್ಚಿ ನೋಡಿ. ಆಮೇಲೆ ಇನ್ನೊಂದು."

ಎಡಗಣ್ಣು ಮುಚ್ಚಿದಳು, ಎಲ್ಲ ನೇರ. ಬಲಗಣ್ಣು ಮುಚ್ಚಿದಳು, ಲೋಕವೇ ಸೊಟ್ಟ.

"ಲ್ಯಾಪ್‌ಟಾಪ್ ಸರಿ ಇದೆ, ಅಲ್ವಾ?" ಅವಳ ದನಿ ಈಗ ಕೇಳಿಸುವಷ್ಟೂ ಇರಲಿಲ್ಲ.

"ಸರಿ ಉಂಟು."

"ಆದರೂ ವಾಪಸ್ ಕಳಿಸಿಬಿಡಿ. ನನಗಿನ್ಯಾಕೆ ಅದು? ದೋಷ ಇದೆ ಅಂತ ಹೇಳಿಬಿಡಿ..."

"ಇಲ್ಲದ ದೋಷ ಹೇಗೆ ಹೇಳುದು? ಇಟ್ಕೊಳ್ಳಿ. ಮೊದಲು ಡಾಕ್ಟ್ರಿಗೆ ತೋರಿಸುವ."

"ನಿಮಗೇನು ಗೊತ್ತು?" ಎಂದು ಕಿರುಚಿ, ಲ್ಯಾಪ್‌ಟಾಪ್ ಎತ್ತಿಕೊಂಡು ಅವಳು ಹೊರಗೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತಳು. ಸ್ವಲ್ಪ ದೂರದಲ್ಲಿ, ಅತ್ತೆಯ ಮನೆ ಕಡೆಯ ಬಸ್ ಬರುವವರೆಗೂ ಪ್ರವೀತ್ ನಿಂತೇ ಇದ್ದ.

ಗಡುವು ಮುಗಿಯಿತು. ಲ್ಯಾಪ್‌ಟಾಪ್ ಅವಳಲ್ಲೇ ಉಳಿಯಿತು.

---

ಮಂಗಳೂರಿನ ಕಣ್ಣಿನ ಆಸ್ಪತ್ರೆಯ ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. ಎಡಗಣ್ಣಿನ ನಡುಭಾಗ ಹೋಗಿದೆ, ಮರಳಿ ಬರುವುದಿಲ್ಲ. ಬಲಗಣ್ಣನ್ನು ಕಾಯಬೇಕು, ಇಂಜೆಕ್ಷನ್ ಕೊಡುತ್ತಿರಬೇಕು. ಉಳಿಯುತ್ತದೆಂದು ಯಾರೂ ಮಾತು ಕೊಡಲಾರರು.

ಅತ್ತೆಗೆ ಮಂಡಿನೋವು, ಬಸ್ ಹತ್ತಲಾರರು. ಗೌತಮಿ ಆಸ್ಪತ್ರೆಗೆ ಹೊರಟ ಪ್ರತಿ ಸಲವೂ ಪ್ರವೀತ್ ಬಸ್ಸಿನಲ್ಲಿ ಪ್ರತ್ಯಕ್ಷ!

"ನನಗೆ ಮಂಗಳೂರಲ್ಲಿ ಸ್ಪೇರ್ ಪಾರ್ಟ್ ತರ್ಲಿಕ್ಕೆ ಉಂಟು."

"ಪ್ರತಿ ಸಲಾನೂ?"

"ಎಂತ ಮಾಡುದು, ಈ ಊರಿನ ಕಂಪ್ಯೂಟರೆಲ್ಲ ಒಟ್ಟಿಗೆ ಹಾಳಾಗ್ತವೆ."

ಅವನು ಪುತ್ತಿಗೆಯವನು. ಅಪ್ಪನ ಜೊತೆ ತುಳು, ಕಾಞಂಗಾಡಿನಿಂದ ಬಂದ ಅಮ್ಮನ ಜೊತೆ ಮಲಯಾಳ, ಗೌತಮಿಯ ಜೊತೆ ಕನ್ನಡ. ಅವಳಿಗೋ ಮಲಯಾಳ ಬಸ್ ಬೋರ್ಡು ಓದುವಷ್ಟೂ ಬಾರದು. ಆದರೂ ಜಂಬಕ್ಕೇನು ಕಡಿಮೆ! "ಅರ್ಧ ಕನ್ನಡದ ಹಾಗೇ ಇದೆಯಲ್ಲ, ಊಹಿಸಿದರಾಯಿತು" ಎನ್ನುತ್ತಿದ್ದಳು. ಒಮ್ಮೆ ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಸುತ್ತಲು ಪಟ್ಟಿ ಬೇಕೆಂದು ಅವಳು ಕೇಳಿದಾಗ ಅಂಗಡಿಯವನು ಕಣ್ಣು ಕಣ್ಣು ಬಿಟ್ಟಿದ್ದ. ಪ್ರವೀತ್ ಹೊಟ್ಟೆ ಹಿಡಿದು ನಕ್ಕಿದ್ದ. "ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ ಮಾರಾಯ್ತಿ! ಔಷಧಿ ಅಂಗಡಿಯಲ್ಲಿ ನಾಯಿ ಕೇಳ್ತಿಯಲ್ಲ!"

ಆ ನಗುವಿನ ನಡುವೆ 'ಮಾರಾಯ್ರೆ' ಹೋಗಿ 'ಮಾರಾಯ್ತಿ' ಬಂದಿದ್ದನ್ನು ಗೌತಮಿ ಗಮನಿಸಿದ್ದಳು. ಮನೆಗೆ ಬಂದ ಮೇಲೂ ಅದನ್ನೇ ನೆನೆಸಿಕೊಂಡು ಒಬ್ಬಳೇ ನಕ್ಕಿದ್ದಳು.

ಲ್ಯಾಪ್‌ಟಾಪ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವಂತೆ ಅವನೇ ಮಾಡಿಕೊಟ್ಟ. ಅದು ರಾಗವಿಲ್ಲದ ದನಿಯಲ್ಲಿ ಓದುತ್ತಿತ್ತು, ಗೌತಮಿ ಕಣ್ಣು ಮುಚ್ಚಿ ತಪ್ಪುಗಳನ್ನು ಕಿವಿಯಲ್ಲಿ ಹಿಡಿಯಲು ಕಲಿತಳು. ಕೆಲಸ ಉಳಿಯಿತು.

ಆದರೆ ಒಂದು ಸಲ ಪರೀಕ್ಷೆ ಮುಗಿಸಿದ ಡಾಕ್ಟರು ನೇರವಾಗಿ ಹೇಳಿದರು. ಬಲಗಣ್ಣಿನ ನಡುಭಾಗಕ್ಕೂ ಅದು ಹಬ್ಬಿತ್ತು.

ಹಿಂದಿರುಗುವಾಗ ಬಸ್ಸು ಕುಂಬಳೆ ದಾಟಿದ ಮೇಲೆ ಪ್ರವೀತ್ ಹೇಳಿದ. "ಗೌತಮಿ, ನಾನು ಅಮ್ಮನತ್ರ ಮಾತಾಡ್ತೇನೆ. ಆಮೇಲೆ ನಿನ್ನತ್ರ ಒಂದು ಕೇಳ್ಲಿಕ್ಕೆ ಉಂಟು."

ಅವನು ಕೇಳಲಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಆ ಕರಾಳ ದಿನದಲ್ಲೂ ಅವಳ ಎದೆ ಡವಗುಟ್ಟಿತು. 'ನನಗೂ ಒಬ್ಬರು ಇದ್ದಾರೆ... ನಾನು ಅಪ್ಪನ ಹಾಗೆ ಒಂಟಿಯಾಗಲ್ಲ!'

---

ಮರುದಿನ ಅವಳಿಗೆ ಕಾಯಲಾಗಲಿಲ್ಲ. ಅಂಗಡಿಗೆ ಹೋದಳು. ಪ್ರವೀತ್ ಬಾಗಿಲಿಗೆ ಬೆನ್ನು ಹಾಕಿ ಫೋನಿನಲ್ಲಿ ಅಮ್ಮನೊಂದಿಗೆ ಮಾತಾಡುತ್ತಿದ್ದ. ದನಿ ಗಡುಸಾಗಿತ್ತು.

"ಗೌತಮಿಯುಡೆ ಕಣ್ಣ್ ಪೋಯಾಲುಂ... ಸಾರಮಿಲ್ಲ ಅಮ್ಮೇ!"

ಗೌತಮಿ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಗೌತಮಿಯ ಕಣ್ಣು... ಹೋದರೆ... ಸಾರವಿಲ್ಲ.

ಇದಕ್ಕೆ ಮಲಯಾಳ ಬರಬೇಕೇ? ಒಂದೊಂದು ಮಾತೂ ಕನ್ನಡದಷ್ಟೇ ಸ್ಪಷ್ಟವಾಗಿತ್ತಲ್ಲ! ಕಣ್ಣು ಹೋದವಳಲ್ಲಿ ಸಾರವಿಲ್ಲ. ಹಿಂಡಿ ಬಿಸಾಡಿದ ಸಿಪ್ಪೆ. ತನ್ನ ಅಮ್ಮನೂ ಅಪ್ಪನ ಬಗ್ಗೆ ತವರಿನಲ್ಲಿ ಹೀಗೇ ಹೇಳಿರಬೇಕು.

ಸದ್ದು ಮಾಡದೆ ತಿರುಗಿ ನಡೆದಳು. ಅತ್ತೆಯ ಮನೆ ಸೇರುವವರೆಗೂ ಅಳಲಿಲ್ಲ.

ಸಂಜೆ ಪ್ರವೀತ್ ಬಂದ. ಹೊಸ ಅಂಗಿ ಹಾಕಿದ್ದ. ಮುಖದಲ್ಲಿ ಬೆಳಕಿತ್ತು. ಜಗಲಿಯಲ್ಲಿ ಅವಳೊಬ್ಬಳೇ ಇದ್ದಳು.

"ಗೌತಮಿ, ನಾನು ಕೇಳ್ಬೇಕು ಅಂತ..."

"ಏನೂ ಕೇಳಬೇಡಿ. ನನಗೆ ನಿಮ್ಮ ಮೇಲೆ ಅಂಥದ್ದೇನೂ ಇಲ್ಲ. ನಾಡಿದ್ದು ಮೈಸೂರಿಗೆ ಹೋಗ್ತಿದೀನಿ. ಕಣ್ಣಿಲ್ಲದೋರಿಗೆ ತರಬೇತಿ ಕೊಡ್ತಾರಂತೆ, ಹಾಸ್ಟೆಲ್ಲೂ ಇದೆಯಂತೆ. ಇನ್ನು ಬರಲ್ಲ."

"ಎಂತ ಇದು? ನಿನ್ನೆ ತನಕ..."

"ನಿನ್ನೆ ತನಕ ಪರೀಕ್ಷೆ ಮಾಡಿ ನೋಡಿದ್ರಿ, ಅಷ್ಟೇ. ದೋಷ ಇರೋ ಮಾಲು. ಗಡುವು ಮುಗಿಯೋ ಮೊದಲು ವಾಪಸ್ ಕಳಿಸಿಬಿಡಿ!"

ಅವನ ಮುಖ ಕಪ್ಪಿಟ್ಟಿತು. "ನನ್ನ ಮುಖ ನೋಡಿ ಹೇಳು, ಗೌತಮಿ. ಆ ಗೋಡೆ ನೋಡಿ ಅಲ್ಲ."

ಅವಳು ಗೋಡೆಯನ್ನೇ ನೋಡುತ್ತಿದ್ದಳು. ಮತ್ತೆ ಅದನ್ನೇ ಹೇಳಿದಳು. "ಹೋಗಿ. ನನಗೆ ನೀವು ಬೇಡ."

ಪ್ರವೀತ್ ಹೋದ. ಗೇಟು ಹಾಕಲೂ ಮರೆತು ಹೋದ.

---

ಪೆಟ್ಟಿಗೆ ಕಟ್ಟುತ್ತಿದ್ದ ಸೋದರಸೊಸೆಯ ಕೈಯಿಂದ ಸೌದಾಮಿನಿ ಅತ್ತೆ ಸೀರೆ ಕಿತ್ತುಕೊಂಡರು. ಮೂವತ್ತು ವರ್ಷದ ಕಾಸರಗೋಡು ಅವರ ಮಾತಿನಿಂದ ಅರಸೀಕೆರೆಯನ್ನು ಪೂರ್ತಿ ಅಳಿಸಿತ್ತು.

"ಆ ಹುಡುಗ ಅಂಗಡಿ ತೆರೆಯದೆ ಕೂತಿದ್ದಾನಂತೆ. ನೀನು ಅನ್ನ ಮುಟ್ಟುದಿಲ್ಲ. ಎಂತ ಆಯ್ತು ಈಗ ಹೇಳದಿದ್ರೆ ನೋಡು!"

ಗೌತಮಿಯ ಕಟ್ಟೆ ಒಡೆಯಿತು. "ಅವರ ಅಮ್ಮನ ಹತ್ರ ಅವರೇ ಹೇಳಿದ್ರು ಅತ್ತೆ... ನನ್ನ ಕಿವಿಯಾರೆ ಕೇಳಿದೆ. ಗೌತಮಿಯುಡೆ ಕಣ್ಣು ಪೋಯಾಲುಂ ಸಾರಮಿಲ್ಲ ಅಂತ! ಅಪ್ಪನ್ನ ಬಿಟ್ಟು ಹೋದ ಹಾಗೆ ನನ್ನನ್ನೂ..."

ಅತ್ತೆ ಕೈಯಲ್ಲಿದ್ದ ಸೀರೆಯನ್ನು ಮಂಚದ ಮೇಲೆ ಎಸೆದರು. ಆಮೇಲೆ ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ ಮಂಕೇ! ಬಸ್ಸಲ್ಲಿ ಯಾರಾದ್ರು ನಿನ್ನ ಕಾಲು ತುಳಿದ್ರೆ ನೀನೆಂತ ಹೇಳ್ತಿ?"

"ಪರವಾಗಿಲ್ಲ ಅಂತೀನಿ... ಯಾಕೆ?"

"ಇಲ್ಲಿಯವರು ಅದಕ್ಕೇ ಸಾರಮಿಲ್ಲ ಹೇಳುದು! ಪರವಾಗಿಲ್ಲ ಅಂತ! ಪೋಯಾಲುಂ ಅಂದ್ರೆ ಹೋದರೆ ಅಲ್ಲ, ಹೋದರೂ!"

ಗೌತಮಿ ಮಂಚದ ತುದಿಯಲ್ಲಿ ಕೂತಳು. ತುಟಿಗಳು ತಾವಾಗಿಯೇ ಅಲುಗಿದವು.

ಗೌತಮಿಯ ಕಣ್ಣು ಹೋದರೂ... ಪರವಾಗಿಲ್ಲ, ಅಮ್ಮಾ.

ಅವನು ಅವಳಿಗಾಗಿ ಅಮ್ಮನ ಜೊತೆ ವಾದಿಸುತ್ತಿದ್ದ. ಅವಳು ಅದನ್ನೇ ಮೆಟ್ಟಿಲ ಮೇಲೆ ನಿಂತು ಕೇಳಿ, ಅವನನ್ನು ಅಟ್ಟಿಬಿಟ್ಟಿದ್ದಳು!

"ಅತ್ತೆ... ನಾನು ಎಂಥ ಕೆಲಸ ಮಾಡಿದೆ!"

"ನನ್ನತ್ರ ಎಂತಕ್ಕೆ ಹೇಳ್ತಿ? ಅವನತ್ರ ಹೋಗಿ ಹೇಳು. ನಾನು ಆಟೋಕ್ಕೆ ಫೋನ್ ಮಾಡ್ತೇನೆ."

---

ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ದೀಪ ಹಾಕದೆ ಪ್ರವೀತ್ ಕೂತಿದ್ದ. ಬಗ್ಗಿ ಒಳಬಂದ ಗೌತಮಿ ಬಾಗಿಲಲ್ಲೇ ನಿಂತಳು.

"ಮೈಸೂರಿಗೆ ಹೋಗ್ಲಿಕ್ಕೆ ಇತ್ತಲ್ಲ ನಿಮಗೆ?" ಅವನು ಅವಳನ್ನು ಮತ್ತೆ 'ನೀವು' ಆಗಿಸಿದ್ದ. ಅದು ಅವಳನ್ನು ಚುಚ್ಚಿತು.

"ಸಾರಮಿಲ್ಲ ಅಂದ್ರೆ ಸಾರ ಇಲ್ಲ ಅಂದ್ಕೊಂಡೆ ನಾನು..." ಅಳು ಒತ್ತಿ ಬಂತು. "ಕಣ್ಣು ಹೋದರೆ ನಾನು ಯಾತಕ್ಕೂ ಬಾರದವಳು ಅಂತ ನೀವು ನಿಮ್ಮಮ್ಮನಿಗೆ ಹೇಳ್ತಿದೀರಿ ಅಂದ್ಕೊಂಡೆ!"

ಪ್ರವೀತ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ನಗಲಿಲ್ಲ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು.

"ಪ್ರವೀತ್..."

"ನನ್ನನ್ನು ಒಂದು ಮಾತು ಕೇಳ್ಬಾರ್ದಿತ್ತಾ ಮಾರಾಯ್ತಿ?" ಅವನ ದನಿ ಒಡೆದಿತ್ತು. "ನಿನಗೆ ನಾನು ಇಷ್ಟ ಇಲ್ಲ ಅಂತಲೇ ತಿಳ್ಕೊಂಡೆ. ಅವತ್ತು ನೀನು ನನ್ನ ಮುಖ ಸಹ ನೋಡ್ಲಿಲ್ಲ. ಈಗಲೂ ನೋಡುದಿಲ್ಲ. ಆ ಶಟರನ್ನೇ ನೋಡ್ತಾ ಇದ್ದಿ."

ಗೌತಮಿ ಕಣ್ಣೊರೆಸಿಕೊಂಡಳು. ಯಾರಿಗೂ ಹೇಳದೆ ಬಚ್ಚಿಟ್ಟಿದ್ದನ್ನು ಈಗ ಹೇಳಲೇಬೇಕಿತ್ತು.

"ನೇರ ನೋಡಿದರೆ ನಿಮ್ಮ ಮುಖ ಇರೋ ಕಡೆ ಮಸುಕು ಬರುತ್ತೆ. ಕಿವಿ ಕಾಣುತ್ತೆ, ಕೂದಲು ಕಾಣುತ್ತೆ, ಮುಖ ಕಾಣಲ್ಲ. ಪಕ್ಕಕ್ಕೆ ನೋಡಿದರೆ ಮಾತ್ರ ಅಷ್ಟಿಷ್ಟು ಕಾಣೋದು." ಅವಳು ಉಸಿರೆಳೆದುಕೊಂಡಳು. "ಅವತ್ತು ಗೋಡೆ ನೋಡ್ತಾ ಇರಲಿಲ್ಲ. ಕೊನೇ ಸಲ ಅಂತ ನಿಮ್ಮನ್ನೇ ನೋಡ್ತಾ ಇದ್ದೆ."

ಅವನು ಎದ್ದು ಬಂದ. ಅವಳೆದುರು ನಿಂತ. ಅವಳ ಕೈ ಹಿಡಿದುಕೊಂಡ.

"ಅಮ್ಮ ಇನ್ನೂ ಒಪ್ಪಲಿಲ್ಲ. ಒಪ್ತಾರೆ, ನಿಧಾನ ಉಂಟು. ನಿನ್ನ ಕಣ್ಣು ಉಳೀತದೆ ಅಂತ ನಾನು ಸುಳ್ಳು ಹೇಳುದಿಲ್ಲ. ನಾನು ಇರ್ತೇನೆ. ಅದು ಮಾತ್ರ ಹೇಳ್ಬಹುದು."

"ಯೋಚನೆ ಮಾಡಿ ಹೇಳಿ. ಆಮೇಲೆ ರಿಟರ್ನ್ ಇಲ್ಲ."

"ನೀನು ಫಸ್ಟು ಈ ಅಂಗಡಿಗೆ ಬಂದು ಬೈದ ದಿನವೇ ನನ್ನ ಗಡುವು ಮುಗಿದಿದೆ."

ಗೌತಮಿ ಅಳುತ್ತಲೇ ನಕ್ಕಳು. ಅವನ ಹೆಗಲಾಚೆಯ ಶಟರಿನ ಮೇಲೆ ದೃಷ್ಟಿ ನೆಟ್ಟು, ಅವನ ಮುಖವನ್ನು ಸಿಕ್ಕಿದಷ್ಟು ನೋಡಿಕೊಂಡಳು. ಪ್ರವೀತ್ ಅಲುಗದೆ ನಿಂತ.

"ಈಗ ಕಾಣ್ತದಾ?"

"ಹೂಂ... ಸ್ವಲ್ಪ."

"ಮುಂದೆ ಇಷ್ಟು ಸಹ ಕಾಣದೆ ಹೋದ್ರೆ, ಗೌತಮಿ?"

ಅವಳು ಕೈ ಎತ್ತಿ ಅವನ ಕೆನ್ನೆಯನ್ನು ಮುಟ್ಟಿದಳು. ಹಣೆ, ಹುಬ್ಬು, ಮೂಗು... ಬೆರಳುಗಳು ನಿಧಾನವಾಗಿ ಎಲ್ಲವನ್ನೂ ಗುರುತು ಮಾಡಿಕೊಂಡವು.

"ಹೋದರೂ," ಎಂದಳು, ತನ್ನ ಅರಸೀಕೆರೆಯ ನಾಲಗೆಯಲ್ಲಿ ಎಡವುತ್ತಾ, "ಸಾರಮಿಲ್ಲ."