ಉಸಿರಿಗೆ ಕುಣಿದ ಗೆರೆ

“ಮೂರ ವರ್ಷದಾಗ ಜ್ವರ ಸೈತ ಬಂದಿಲ್ಲ ನನ್ನ ಗಂಡಗ. ಎದಿ ಕೆಟ್ಟದ ಅಂತ ಹ್ಯಾಂಗ ಬರದ್ರಿ, ಬಾಯಿ?”

ಚಂದವ್ವ ಚೀಟಿಯನ್ನು ಮೇಜಿಗೆ ಕುಕ್ಕಿದಳು. ಡೊಂಬಿವಲಿಯ ಆ ದವಾಖಾನೆಯಲ್ಲಿ ಇಸಿಜಿ ತೆಗೆಯುವ ಸ್ವರ್ಣಲತಾ ಅದನ್ನು ಓದಿದಳು. ಮಾಪಣ್ಣ, ಇಪ್ಪತ್ತನಾಲ್ಕು, ಹಮಾಲ. ಹೃದಯಕ್ಕೆ ಹಳೆಯ ಪೆಟ್ಟು. ಕೆಲಸಕ್ಕೆ ಅನರ್ಹ. ಅಂದರೆ ನಾಳೆಯಿಂದ ಬಣ್ಣದ ಕಾರ್ಖಾನೆಯ ಗೇಟು ಬಂದ್.

ಮಾಪಣ್ಣ ಬಾಗಿಲಲ್ಲೇ ನಿಂತಿದ್ದ — ಕುಳಿತರೆ ಎದೆ ನಿಂತೀತೆಂಬ ಹೆದರಿಕೆ.

“ಮಶೀನು ಸುಳ್ಳು ಹೇಳ್ತದಾ ಸ್ವರ್ಣ? ತಪಾಸಣೆ ಕಾರ್ಡುಗಳಿಗೆ ಸೀಲು ಹಾಕು ಮಾರಾಯ್ತಿ. ಎರಡು ಗಂಟೆಗೆ ಠಾಣೆ ಊರಿನ ಹೆಡ್ ಆಫೀಸಿಗೆ ಮುಟ್ಟಿಸ್ಬೇಕು.” ಕಾರ್ಖಾನೆಯ ಸೂಪರ್‌ವೈಸರ್ ಹೃಷೀಕೇಶ ಗಡಿಯಾರ ನೋಡಿದ. ಮತ್ತೆ ನೋಡಿದ.

ಸ್ವರ್ಣಲತಾ ನೆನಪಿಸಿಕೊಂಡಳು. ತಪ್ಪಿದ್ದು ತನ್ನ ಕೈಯೇ? ಮೊನ್ನೆ ಎಲ್ಲರ ಇಸಿಜಿ ಪಟ್ಟಿಗಳನ್ನು ಕತ್ತರಿಸಿ, ಹೆಸರಿನ ಚೀಟಿ ಸಿಕ್ಕಿಸಿಟ್ಟು ಊಟಕ್ಕೆ ಹೋಗಿದ್ದಳು. ಕಾರ್ಡಿಗೆ ಅಂಟಿಸಿದ್ದು ಬಂದ ಮೇಲೆ.

“ಮೊನ್ನೆ ನಾನು ಊಟಕ್ಕೆ ಹೋದಾಗ ಈ ಕೋಣೇಲಿ ಯಾರಿದ್ರು?”

“ನಾನು ಆಚೆ ಮದ್ದು ಕಟ್ತಾ ಇದ್ದೆ ಅಕ್ಕ,” ಎಂದ ಕಂಪೌಂಡರ್ ಕುಶಲ. “ಇಲ್ಲಿ ಇವರೊಬ್ರೇ ಪೇಪರ್ ಓದ್ತಾ ಇದ್ರು.”

“ನನ್ನ ಮೇಲೆ ಸಂಶಯವಾ?” ಹೃಷೀಕೇಶ ಸಿಡಿದ. “ನನ್ನದೂ ತೆಗ್ದಿದ್ದೀಯಲ್ಲ — ನಾರ್ಮಲ್!”

ಅವಳು ಅವನ ಕಾರ್ಡು ಎಳೆದಳು. ನೋಡಿದಳು. ವಯಸ್ಸು ಐವತ್ತೆರಡು, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಮಾಪಣ್ಣನದನ್ನು ಅದರ ಪಕ್ಕಕ್ಕಿಟ್ಟಳು.

“ಮಾಪಣ್ಣ, ಮಲಗು. ಉಸಿರು ಉದ್ದಕ್ಕೆ ಎಳಿ… ಬಿಡು.”

ಮಶೀನಿನ ಮುಳ್ಳು ಓಡಿತು. ಎಳೆದಾಗ ಬಡಿತಗಳು ಒತ್ತೊತ್ತು, ಬಿಟ್ಟಾಗ ದೂರದೂರ.

“ಡಾಕ್ಟ್ರು ಗೆರೆಯ ಆಕಾರ ಮಾತ್ರ ನೋಡಿದ್ರು. ನಡುವಿನ ಸಂದು ನೋಡ್ಲಿಲ್ಲ,” ಎಂದಳು. “ಹೃದಯದ ಕರೆಂಟು ಹೃದಯದಲ್ಲೇ ಹುಟ್ಟೋದು. ಆದ್ರೆ ಲಗಾಮು ಮಿದುಳಿಂದ ಬರೋ ನರದ ಕೈಲಿ. ಉಸಿರೆಳೆದಾಗ ಸಡಿಲ, ಬಿಟ್ಟಾಗ ಬಿಗಿ. ನಾನು ಎಲ್ಲರಿಗೂ ಕೊನೆಗೆ ಉಸಿರೆಳೆಸಿ ಒಂದು ಉದ್ದ ಪಟ್ಟಿ ತೆಗೀತೇನೆ. ಮಾಪಣ್ಣನ ಹೆಸರಿನ ಪಟ್ಟೀಲಿ ಸಂದು ಒಂಚೂರೂ ಕದಲಿಲ್ಲ — ಹದಿನೈದು ವರ್ಷದ ಸಕ್ಕರೆ ಕಾಯಿಲೆ ನರವನ್ನೇ ತಿಂದುಹಾಕಿದವರ ಹಾಗೆ. ನಿಮ್ಮ ಹೆಸರಿನದ್ದು ಈಗ ತೆಗೆದ ಇದರ ಹಾಗೇ ಕುಣೀತದೆ. ಐವತ್ತೆರಡನೇ ವಯಸ್ಸಿಗೆ, ಅಷ್ಟು ಸಕ್ಕರೆ ಕಾಯಿಲೆ ಇಟ್ಕೊಂಡು, ಹೇಗೆ ಹೃಷೀಕೇಶಣ್ಣ? ಹೆಸರಿನ ಚೀಟಿ ಬದಲಿಸಿದ್ದು ನೀವು.”

ಹೃಷೀಕೇಶ ಗೋಡೆಗೆ ಒರಗಿದ.

“ಹೋಳಿ ಹೊತ್ತಿಗೆ ಎದೆನೋವು ಬಂದಿತ್ತು,” ಅವನ ದನಿ ಕುಸಿಯಿತು. “ಯಾರಿಗೂ ಹೇಳ್ಲಿಲ್ಲ. ನೌಕರಿ ಹೋದ್ರೆ ಕ್ವಾರ್ಟರ್ಸೂ ಹೋಗ್ತದೆ. ಇವ ಹುಡುಗ, ಬೇರೆ ಕಡೆ ಕೆಲಸ ಸಿಗ್ತದೆ ಅಂತ…”

“ಎದಿ ಕೆಟ್ಟಾವ ಅಂತ ಬರದ ಮ್ಯಾಲ ಚೀಲ ಹೊರಲಾಕ ಯಾರ ಕರೀತಾರ್ರಿ?” ಎಂದಳು ಚಂದವ್ವ.

ಹೃಷೀಕೇಶನ ಹಣೆಯಲ್ಲಿ ಬೆವರು ಒಡೆದಿತ್ತು.

“ಮಾಪಣ್ಣನ ಕಾರ್ಡು ಈಗಲೇ ತಿದ್ದಿಸ್ತೇನೆ. ನೀವು ಮಲಗಿ ಅಣ್ಣ. ನೋಡ್ಬೇಕು.”

ಹೃಷೀಕೇಶ ಮಂಚದ ಅಂಚಿಗೆ ಕುಳಿತು ಬೂಟು ಬಿಚ್ಚಲು ಬಗ್ಗಿದ, ಆಗಲಿಲ್ಲ. ಮಾಪಣ್ಣ ಕುಕ್ಕರುಗಾಲಲ್ಲಿ ಕುಳಿತು ಅವನ ಬೂಟಿನ ಲಾಡಿ ಬಿಚ್ಚತೊಡಗಿದ.