ಮಗು ಬರುವ ಮೊದಲು ತಂದದ್ದು

ಕುಂದಾಪುರದ ಅಂಗಡಿಯಿಂದ ತಂದ ಸಾಮಾನನ್ನೆಲ್ಲ ಚಂದನಾ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಹತ್ತಿಯ ಅಂಗಿ, ಕುಲಾವಿ, ಹಾಲಿನ ಬಾಟಲಿ, ಹಾಲಿನ ಪುಡಿಯ ಡಬ್ಬ, ರಬ್ಬರ್ ಶೀಟು, ಕೊಡೆಯಂತೆ ಬಿಚ್ಚಿಕೊಳ್ಳುವ ಸೊಳ್ಳೆ ಪರದೆ. ಪುಟಾಣಿ ಕಾಲುಚೀಲವನ್ನು ಎರಡು ಬೆರಳಿಗೆ ಸಿಕ್ಕಿಸಿ, ಇಷ್ಟು ಸಣ್ಣ ಪಾದವೂ ಇರುತ್ತದೆಯೇ ಎಂದು ಬೆರಗಾಗಿ ನೋಡುತ್ತಿದ್ದಾಗ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

ಉಮಾವತಿಯಮ್ಮ ಬೈಂದೂರು ಪೇಟೆಯಲ್ಲಿ ಮೀನು ಮಾರಿಯೇ ಸಂಸಾರವನ್ನು ದಡ ಸೇರಿಸಿದ ಹೆಂಗಸು. ಚೌಕಾಸಿಗೆ ನಿಂತ ಗಿರಾಕಿಗಳೆಲ್ಲ ಅವರ ನಾಲಿಗೆಯ ರುಚಿ ಕಂಡವರೇ. ಆ ನಾಲಿಗೆಗೆ ಯಡ್ತರೆಯ ಮನೆಯೊಳಗೂ ರಜೆಯೆಂಬುದಿರಲಿಲ್ಲ. ಮದುವೆಯಾಗಿ ವರ್ಷಗಳು ಉರುಳಿದರೂ ಸೊಸೆಯ ಮಡಿಲು ತುಂಬದಿದ್ದಾಗ ಆಡಬಾರದ್ದನ್ನೆಲ್ಲ ಆಡಿದ್ದರು. ಮಗ ಸುಶಾಂತ್ ಮತ್ತು ಚಂದನಾ ದತ್ತು ಮಗುವಿಗೆ ಅರ್ಜಿ ಹಾಕಿದಾಗ ಮಾತ್ರ, ಮನೆ ನೋಡಲು ಬಂದ ಅಧಿಕಾರಿಗೆ ಚಹಾ ಕೊಟ್ಟು ಸುಮ್ಮನಿದ್ದರು. ಆ ಮೌನವನ್ನೇ ಒಪ್ಪಿಗೆಯೆಂದು ಗಂಡ ಹೆಂಡತಿ ನಂಬಿಕೊಂಡಿದ್ದರು. ಈಗ ಉಡುಪಿಯ ದತ್ತು ಕೇಂದ್ರದಿಂದ ಫೋನು ಬಂದಿತ್ತು. ಹೆಣ್ಣು ಮಗು, ನಾಳೆಯೇ ಬಂದು ಕರೆದುಕೊಂಡು ಹೋಗಬಹುದು ಎಂದಿದ್ದರು.

“ಯಾವ ಬಳಿ ಅದ್?” ಎಂದು ಕೇಳಿದರು ಉಮಾವತಿಯಮ್ಮ.

ಬೇರೆಯವರಲ್ಲಿ ಗೋತ್ರ ತಂದೆಯಿಂದ ಬಂದರೆ, ಈ ಮೀನುಗಾರರಲ್ಲಿ ಕುಲದ ಗುರುತಾದ ಬಳಿ ಬರುವುದು ತಾಯಿಯಿಂದ. ಮದುವೆಗಾಗಲಿ ಸೂತಕಕ್ಕಾಗಲಿ ಮೊದಲು ಕೇಳುವುದೇ ಅದನ್ನು. ಹೆತ್ತವಳು ಯಾರೆಂದೇ ತಿಳಿಯದ ಮಗು ಯಾವ ಬಳಿಯದೆಂದು ಹೇಳುವುದು?

ಚಂದನಾ ಕಾಲುಚೀಲವನ್ನು ಮಂಚದ ಮೇಲಿಟ್ಟಳು. “ನಂದ್ ಕುಂದರ್ ಬಳಿ ಅಲ್ದಾ ಅತ್ತೆ, ಅದ್ರದ್ದೂ ಅದೇ. ಇನ್ ಮೇಲೆ ಅದ್ರ್ ಅಬ್ಬಿ ನಾನೇ.”

“ಹೆರ್ದೆ, ಬಾಣಂತನ ಮಾಡ್ಕಣ್ದೆ ಯಾರೂ ಅಬ್ಬಿ ಆತಿಲ್ಲ. ಅಂಗ್ಡಿಯಿಂದ ಎಂತ ತಂದ್ರೂ ಅದೊಂದ್ ಸಿಕ್ಕುದಿಲ್ಲ.”

ಹೆರದವಳು ತಾಯಿಯೇ ಅಲ್ಲವೆಂದರೆ ಎಂಥ ಮಾತು! ಆಡಿದವರು ಆಡಿ ಮುಗಿಸಿದರು, ಕೇಳಿದವಳ ಎದೆಯಲ್ಲಿ ಅದು ಮುಳ್ಳಿನ ಹಾಗೆ ನಿಂತಿತು. ಸ್ವಲ್ಪ ಹೊತ್ತಿಗೆಲ್ಲ ಉಮಾವತಿಯಮ್ಮ ಕೈಚೀಲಕ್ಕೆ ಎರಡು ಸೀರೆ ತುರುಕಿ, ಶಿರೂರಿನ ಮಗಳು ವಿಜೇತಾಳ ಮನೆಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿಯೇಬಿಟ್ಟರು. ಸುಶಾಂತ್ ತಲೆಯ ಮೇಲೆ ಕೈಹೊತ್ತು ಕೂತ. ತಾಯಿಯ ಸಿಟ್ಟು ಇಳಿಯುವವರೆಗೆ ನಾಲ್ಕು ದಿನ ಮುಂದೂಡಿದರೆ ಹೇಗೆ ಎಂದು ಅಳುಕುತ್ತಲೇ ಕೇಳಿದ. ಚಂದನಾ ಕಣ್ಣೊರೆಸಿಕೊಂಡಳು.

“ಇಷ್ಟ್ ದಿನ ನಾವ್ ಕಾದದ್ದ್ ಅಡ್ಡಿಲ್ಲ. ಆ ಮಗು ಇನ್ನೊಂದಿನ ಕಾಯೂದ್ ಬ್ಯಾಡ. ನಾಳೆ ಹೋಪ.”

ಮರುದಿನ ಉಡುಪಿಯಲ್ಲಿ ಆಯಾ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಚಂದನಾಳ ತೋಳಿನಲ್ಲಿಟ್ಟಳು. ಅಳುತ್ತದೆಂದು ಅವಳು ಹೆದರಿದ್ದಳು. ಮಗು ಅಳಲಿಲ್ಲ. ಅವಳ ಮುಖವನ್ನು ದಿಟ್ಟಿಸಿ ನೋಡಿತು, ಪುಟ್ಟ ಬಾಯಿ ತೆರೆದು ಆಕಳಿಸಿತು, ಮತ್ತೆ ಕಣ್ಣು ಮುಚ್ಚಿ ಅವಳ ತೋಳಿನ ಮೇಲೆಯೇ ನಿದ್ದೆ ಹೋಯಿತು. ಗುರುತಿಲ್ಲದವರ ಕೈಯಲ್ಲಿ ಒಂದು ಜೀವ ಇಷ್ಟು ನಿಶ್ಚಿಂತೆಯಿಂದ ಮಲಗಬಲ್ಲುದೇ! ಚಂದನಾಗೆ ಉಸಿರಾಡಲೂ ಭಯವಾಯಿತು. ಕಾರು ಬ್ರಹ್ಮಾವರ ದಾಟುವವರೆಗೂ ಅವಳು ತೋಳು ಅಲುಗಿಸಲಿಲ್ಲ.

ಕುಂದಾಪುರ ದಾಟಿದ ಮೇಲೆ ಮಾತ್ರ ಬೀಗ ಹಾಕಿದ ಮನೆ ಕಣ್ಣಮುಂದೆ ಬಂತು. ಆರತಿ ಎತ್ತುವವರಿಲ್ಲ, ಬಾ ಎನ್ನುವವರಿಲ್ಲ... ಈ ಮಗು ಮನೆಯೊಳಗೆ ಬರುವುದು ಹೀಗೆಯೇ?

ಆದರೆ ಕಾರು ಅಂಗಳಕ್ಕೆ ಬಂದಾಗ ಬಾಗಿಲು ತೆರೆದಿತ್ತು, ಬಚ್ಚಲ ಹೆಂಚಿನ ಮಾಡಿನಿಂದ ಹೊಗೆ ಏಳುತ್ತಿತ್ತು. ಉಮಾವತಿಯಮ್ಮ ಜಗಲಿಯಿಂದ ಇಳಿದು ಬಂದವರೇ ಮಗುವಿನ ನೆತ್ತಿ ಸವರಿದರು. ಮರುಕ್ಷಣ ಅದನ್ನು ಸೊಸೆಯ ತೋಳಿನಿಂದ ಎತ್ತಿ ಸುಶಾಂತನ ಕೈಗೆ ಕೊಟ್ಟರು. ಚಂದನಾ ಮಗುವಿನತ್ತ ಕೈ ಚಾಚಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದರು.

ಒಳಕೋಣೆಯಲ್ಲಿ ಚಾಪೆ ಹಾಸಿತ್ತು. ಪಕ್ಕದಲ್ಲಿ ಓಲೆಬೆಲ್ಲ, ಬೆಳ್ಳುಳ್ಳಿಯ ಗೊಂಚಲು, ಕಾಳುಮೆಣಸು, ಮೆಂತೆ, ಹೊಸದಾಗಿ ಆಡಿಸಿದ ತೆಂಗಿನೆಣ್ಣೆ, ಹೊಟ್ಟೆಗೆ ಬಿಗಿಯುವ ಉದ್ದನೆಯ ಬಿಳಿ ಬಟ್ಟೆ ಇದ್ದವು. ಅದರಲ್ಲಿ ಮಗುವಿಗೆಂದು ತಂದದ್ದು ಒಂದೂ ಇರಲಿಲ್ಲ. ಎಲ್ಲವೂ ಬಾಣಂತಿಗೆ ಬೇಕಾದ ಸಾಮಾನು.

“ಇದೆಲ್ಲ ಯಾರಿಗ್ ಅತ್ತೆ?”

ಉಮಾವತಿಯಮ್ಮ ಅವಳ ಮುಖ ನೋಡಲಿಲ್ಲ. “ಬಸ್ಸಂಗೆ ಕೂಕಂಡ್ ನಾ ಹೇಳಿದ್ದನ್ನೇ ಆಲೋಚ್ನೆ ಮಾಡ್ದೆ. ಹೆರುದ್ ನಿನ್ ಕೈಯಂಗ್ ಇರ್ಲಿಲ್ಲ. ಬಾಣಂತನ ಮಾಡುದ್ ನನ್ ಕೈಯಂಗ್ ಇತ್ತಲೆ. ವಿಜೇತಾಗೆ ಮಾಡ್ದವ್ಳ್, ನಿಂಗೆ ಮಾಡುಕಾಗ್ದಾ? ಬಾ, ನೀರ್ ಕಾದಿತ್.”

ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು ಹಂಡೆಯ ತುಂಬ ಹಬೆಯಾಡುತ್ತಿತ್ತು. ಹೆರಿಗೆಯ ಒಂದು ಗೆರೆಯೂ ಇಲ್ಲದ ಹೊಟ್ಟೆಯನ್ನು ಅತ್ತೆಯ ಎದುರು ತೋರಿಸಲು ಚಂದನಾ ನಾಚಿ ಮುದುಡಿದಳು. ಅವರು ಎಣ್ಣೆ ತಿಕ್ಕಿದರು, ಬೆನ್ನಿಗೂ ಸೊಂಟಕ್ಕೂ ಬಿಸಿನೀರು ಹೊಯ್ದರು, ಹಸಿಬಾಣಂತಿಯ ಹೊಟ್ಟೆಯನ್ನು ಒತ್ತುವಂತೆಯೇ ಅವಳ ಹೊಟ್ಟೆಯನ್ನೂ ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಒತ್ತಿ ಇಳಿಸಿದರು. ಅಷ್ಟು ವರ್ಷ ಬಂಜೆಯೆಂದು ಅನ್ನಿಸಿಕೊಂಡ ಒಡಲು ಆ ಕೈಯಡಿಯಲ್ಲಿ ನಡುಗಿತು. ತನ್ನೊಳಗಿಂದ ನಿಜವಾಗಿಯೂ ಏನೋ ಹುಟ್ಟಿ ಹೊರಗೆ ಬಂದಿದೆಯೆಂದು ಅವಳಿಗೆ ಅನ್ನಿಸಿತು... ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಸಮಾಧಾನ ಮಾಡಲಿಲ್ಲ. ತಂಬಿಗೆಯ ಮೇಲೆ ತಂಬಿಗೆ ನೀರು ಹೊಯ್ಯುತ್ತಲೇ ಇದ್ದರು, ಅವರ ಕೆನ್ನೆಯೂ ಒದ್ದೆಯಾಗಿತ್ತು.

ಹೊಟ್ಟೆ ಬಿಗಿಸಿಕೊಂಡು ಅವಳು ಚಾಪೆಯ ಮೇಲೆ ಒರಗಿದಾಗ ಸುಶಾಂತ್ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದ. ಅಷ್ಟರಲ್ಲಿ ನೆರೆಮನೆಯ ಜಲಜ ಜಗಲಿಗೆ ಬಂದು, ಮಗು ಯಾವ ಬಳಿಯದಂತೆ ಎಂದು ಇಡೀ ಕೇರಿಗೇ ಕೇಳುವಂತೆ ವಿಚಾರಿಸಿದಳು. ಸುಶಾಂತ್ ಎದ್ದು ಜಗಲಿಯ ಬಾಗಿಲಿಗೆ ಹೋದ. ಚಂದನಾ ಮಗುವಿನ ಮೇಲೆ ಕೈಯಿಟ್ಟಳು.

ಅಡುಗೆಮನೆಯಲ್ಲಿ ಮೆಣಸು ಅರೆಯುವ ಸದ್ದು ನಿಂತಿತು.

“ಕುಂದರ್ ಬಳಿ,” ಎಂದರು ಉಮಾವತಿಯಮ್ಮ. “ಮೆಲ್ಲ ಮಾತಾಡ್ ಜಲಜ. ಒಳ್ಗೆ ಬಾಣಂತಿ ಮನಿಕಂಡಿದ್ಲ್.”