ಎರಡನೇ ಪಾಳಿಯ ಹಾಡು

ವರ್ಜಿಲ್ ಅಮಡೋರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ರೆನಾಟಾ ಲುಸಿಚ್‌ಗೆ ಮೊದಲು ಮೈ ಉರಿದದ್ದು ಅದಕ್ಕೇ.

ಮುಖ ನೋಡಿ ಮೂವತ್ತು ವರ್ಷಗಳ ಮೇಲಾಗಿತ್ತು. ಸ್ಯಾನ್ ಪೆಡ್ರೋ ಬಂದರಿನ ಹಳೆಯ ಮೀನುಗಾರರ ಹಾಲ್‌ನ ಬಾಗಿಲಲ್ಲಿ ಗಿಟಾರ್ ಪೆಟ್ಟಿಗೆ ಹಿಡಿದು, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಬ್ಯಾಂಕಿನ ಮ್ಯಾನೇಜರನಂತೆ ನಿಂತಿದ್ದ. ಒಂದು ಕಾಲಕ್ಕೆ ಇದೇ ಮನುಷ್ಯ ಮೀನು ನಾರುವ ವ್ಯಾನಿನಲ್ಲಿ ಮಲಗಿ ಎದ್ದು, ಒಂದೇ ಬನಿಯನ್ನಿನಲ್ಲಿ ಅರ್ಧ ಅಮೆರಿಕ ಸುತ್ತಿದ್ದ.

"ಯಾರ ಮದುವೆಗೋ ಹೊರಟಿದ್ದು?" ಡ್ರಮ್ಮಿನ ಹಿಂದಿನಿಂದಲೇ ಕೇಳಿದಳು.

"ನಿನ್ನ ಮಣ್ಣಿಗೆ ಅಂದ್ಕೊಂಡು ಬಂದೆ. ನೋಡಿದ್ರೆ ಇನ್ನೂ ಬದುಕಿದೀಯ."

ತುಟಿ ತಾನಾಗಿ ನಗಲು ಹೊರಟಿತ್ತು. ರೆನಾಟಾ ಅದಕ್ಕೆ ಅವಕಾಶ ಕೊಡಲಿಲ್ಲ.

ಅವನು ನೋಡಿದ. ನರೆತ ಕೂದಲನ್ನು, ಬಂದರಿನಲ್ಲಿ ಕ್ರೇನ್ ಓಡಿಸಿ ಓಡಿಸಿ ಅಗಲವಾದ ಭುಜವನ್ನು, ಕೊನೆಗೆ ಮಣಿಕಟ್ಟನ್ನು. ಅಲ್ಲೇ ಕಣ್ಣು ನಿಂತಿತು. ಹಳೆಯ ಚಾಳಿ. ಅವನು ಹಾಡುವಾಗ ಜನರನ್ನು ನೋಡುತ್ತಲೇ ಇರಲಿಲ್ಲ. ತಾಳಕ್ಕೆ ಅಂತ ನೆಪ ಹೇಳಿ ತಿರುಗಿ ಅವಳ ಮಣಿಕಟ್ಟು ನೋಡುತ್ತಿದ್ದ.

"ಏನೋ ನೋಡ್ತೀಯ?"

"ಇನ್ನೂ ಕೈ ಆಡುತ್ತಾ ಅಂತ."

"ನಿನ್ನ ಕೆನ್ನೆ ಮೇಲೆ ಆಡಿಸಿ ತೋರಿಸ್ಲಾ?"

ಬಾಸ್ ಗಿಟಾರ್ ಬಾರಿಸುವ ಗ್ಲೆನ್ ಹಮಸಾಕಿ ಎರಡೂ ಕಿವಿಯ ಯಂತ್ರಗಳನ್ನು ಕಿತ್ತು ಜೇಬಿಗಿಟ್ಟ. "ಶುರುವಾಯ್ತಲ್ಲ ನಿಮ್ದು! ಕಿವುಡಾಗಿದ್ದೂ ಸಾರ್ಥಕ ಆಯ್ತು ಕಣ್ರೋ."

ಅವರ ಬ್ಯಾಂಡಿನ ಹೆಸರು ಡೆಂಟೆಡ್ ಟಿನ್ಸ್, ಅಂದರೆ ನಜ್ಜಿದ ಡಬ್ಬಗಳು. ಎದುರು ದ್ವೀಪದ ಟ್ಯೂನಾ ಮೀನಿನ ಕಾರ್ಖಾನೆಯಲ್ಲಿ ನಜ್ಜಿದ ಡಬ್ಬಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಎರಡನೇ ಪಾಳಿಯಲ್ಲಿ ದುಡಿಯುತ್ತಿದ್ದ ರೆನಾಟಾ ತಂದ ಅಂಥ ಡಬ್ಬಗಳನ್ನು ತಿಂದೇ ಮೂವರೂ ಬದುಕಿದ್ದು. ಬ್ಯಾಂಡಿನ ಕಟ್ಟುಪಾಡುಗಳು ಕಠಿಣ. ದೊಡ್ಡ ರೆಕಾರ್ಡ್ ಕಂಪನಿಗೆ ಮಾರಿಕೊಳ್ಳುವಂತಿಲ್ಲ. ಜನ ಎಷ್ಟೇ ಬೊಬ್ಬೆ ಹೊಡೆದರೂ ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ. ಪ್ರೇಮಗೀತೆಯಂತೂ ಸುತರಾಂ ಕೂಡದು. ಹೊಗಳಬೇಕೆನಿಸಿದರೆ ಬೈಯಬೇಕು. ಕಾರ್ಯಕ್ರಮ ಅದ್ಭುತವಾದ ದಿನ ವರ್ಜಿಲ್ ಬೆವರು ಒರೆಸಿಕೊಳ್ಳುತ್ತ ಅವಳ ಬಳಿ ಬಂದು, "ಥೂ, ಎಂಥ ಗಲೀಜು ಬಾರಿಸ್ತೀಯೇ" ಎನ್ನುತ್ತಿದ್ದ. ಆ ಬೈಗುಳ ಹೊದ್ದುಕೊಂಡು ಅವಳು ವಾರವೆಲ್ಲ ಬೆಚ್ಚಗಿರುತ್ತಿದ್ದಳು.

ಇಷ್ಟರಲ್ಲಿ ಮ್ಯೂಸಿಯಂನ ಮ್ಯಾಕೆನ್ಜಿ ಕ್ಯಾಮೆರಾ ಹಿಡಿದು ಬಂದಳು. ಪಂಕ್ ಸಂಗೀತಕ್ಕೂ ಈಗ ಮ್ಯೂಸಿಯಂ! ಟೈ ಕಟ್ಟಿದವರನ್ನು ಕಂಡರೆ ಕ್ಯಾಕರಿಸುತ್ತಿದ್ದ ಸಂಗೀತಕ್ಕೆ ಟೈ ಕಟ್ಟಿದವರ ಸನ್ಮಾನ. ಅದರ ಮೊದಲ ಹೆಜ್ಜೆಯಾಗಿ ಇವತ್ತು, ಭಾನುವಾರ ಮಧ್ಯಾಹ್ನ, ಕೊನೆಯ ಸಲ ಬಾರಿಸಿದ್ದ ಇದೇ ಹಾಲ್‌ನಲ್ಲಿ ಮೂವರ ಮರುಮಿಲನ. ರೆನಾಟಾಳ ಹರಕು ಕ್ಯಾನ್ವಾಸ್ ಬೂಟನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರಂತೆ. ಕೇಳಿದಾಗ ಅವಳು, "ತೊಳೀದೆ ಇಡಿ, ಜನಕ್ಕೆ ನಿಜವಾದ ವಾಸನೆ ಸಿಗಲಿ" ಅಂದಿದ್ದಳು. ಆ ಹುಡುಗಿ ಅದನ್ನೂ ಬರೆದುಕೊಂಡಿದ್ದಳು.

"ಸರ್, ಒಂದೇ ಪ್ರಶ್ನೆ," ಮ್ಯಾಕೆನ್ಜಿ ವರ್ಜಿಲ್ ಮುಂದೆ ನಿಂತಳು. "'ಎರಡನೇ ಪಾಳಿ' ಹಾಡಿನ ಸಾಹಿತ್ಯ ಏನು? ಆ ಟೇಪಿನಲ್ಲಿ ಒಂದು ಪದಾನೂ ಅರ್ಥ ಆಗಲ್ಲ. ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ."

"ಮರೆತುಹೋಗಿದೆಯಮ್ಮಾ."

ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಿದರೆ ಮೊದಲು ಕೆಂಪಾಗುತ್ತಿದ್ದದ್ದು ಅವೇ ಕಿವಿಗಳು. ರೆನಾಟಾಳ ಕೈಯಲ್ಲಿದ್ದ ಕೋಲು ಸುಮ್ಮನಾಯಿತು.

ಆ ಹಾಡೇ ಬ್ಯಾಂಡಿನ ಕೊನೆಯ ಹಾಡು. ಆ ಕೊನೆಯ ಕಾರ್ಯಕ್ರಮದ ಹಿಂದಿನ ದಿನ, ಅಭ್ಯಾಸದಲ್ಲಿ, ವರ್ಜಿಲ್ ಬರೀ ರಾಗ ಗುನುಗಿದ್ದ. "ಮಾತು ಇನ್ನೂ ಆಗಿಲ್ಲ. ನಾಳೆ ಇದೊಂದನ್ನ ನಿಧಾನಕ್ಕೆ ಬಾರಿಸು, ರೆನಾ. ಒಂದೇ ಒಂದು ಸಲ." ನಿಧಾನಕ್ಕಂತೆ! ಅವರ ಜನ ನಿಧಾನಕ್ಕೆ ಉಸಿರನ್ನೂ ಬಿಡುತ್ತಿರಲಿಲ್ಲ. ಮರುದಿನ ಹಾಲ್‌ನೊಳಗೆ, ಹಿಂದಿನ ಗೋಡೆಗೊರಗಿ, ಪಾಲಿಷ್ ಹೊಡೆದ ಬೂಟಿನ ಒಬ್ಬ ದೊಡ್ಡ ಮನುಷ್ಯ ನಿಂತಿದ್ದ. ವರ್ಜಿಲ್ ಅವನ ಕೈಕುಲುಕಿ, ತಗ್ಗಿದ ದನಿಯಲ್ಲಿ ಏನೋ ಹೇಳಿ, ಅವಳ ಕಡೆ ಬೆರಳು ತೋರಿಸಿದ್ದ.

ಪಂಕ್ ಹಾಲ್‌ಗೆ ಪಾಲಿಷ್ ಹೊಡೆದ ಬೂಟು ಬಂತೆಂದರೆ ಕಂಪನಿ ಬಂತೆಂದೇ ಲೆಕ್ಕ. ಮಾರಿಕೊಂಡ, ಹೊರಟುಹೋಗುತ್ತಾನೆ. ಅವನು ಬಿಟ್ಟುಹೋಗುವ ಮೊದಲು ತಾನೇ ಓಡಿಸಿಬಿಡಬೇಕು ಅನ್ನಿಸಿತು. ಅಷ್ಟು ಪ್ರೀತಿ ಇತ್ತು ಅವಳಿಗೆ, ಅಷ್ಟೇ ಪೊಗರೂ ಇತ್ತು. ಅವನು ಬಾಯಿ ತೆರೆದದ್ದೇ ತಡ, ಹುಚ್ಚು ಕುದುರೆಯ ಹಾಗೆ ಬಾರಿಸಿದಳು. ಮಾತುಗಳು ಕಾಲಡಿ ಸಿಕ್ಕಿ ಪುಡಿಯಾದವು. ನಲವತ್ತು ಸೆಕೆಂಡಿನಲ್ಲಿ ಹಾಡು ಮುಗಿಯಿತು. ಜನ ಕುಣಿದು ಕುಪ್ಪಳಿಸಿದರು. ವರ್ಜಿಲ್ ಗಿಟಾರ್ ಕೆಳಗಿಟ್ಟು, ಜನರ ನಡುವೆಯೇ ದಾರಿ ಮಾಡಿಕೊಂಡು ಹೊರಗೆ ಹೋದ. ಮತ್ತೆ ಬರಲಿಲ್ಲ.

ಯಾರೋ ಟೇಪ್ ಮಾಡಿಕೊಂಡಿದ್ದರು. ಅದು ಕೈಯಿಂದ ಕೈಗೆ ದಾಟಿ ಲಂಡನ್ನಿಗೆ, ಟೋಕಿಯೋಕ್ಕೆ ಹೋಯಿತು. ಎರಡು ತಲೆಮಾರಿನ ಮಕ್ಕಳು ಆ ನಲವತ್ತು ಸೆಕೆಂಡು ಕೇಳಿ ಡ್ರಮ್ ಕಲಿತರು. ಓದಿದವರು ಅದಕ್ಕೆ 'ಪ್ರೇಮಗೀತೆಗಳ ಶವಯಾತ್ರೆ' ಎಂದು ಹೆಸರಿಟ್ಟು ಭಾಷಣ ಬಿಗಿದರು. ರೆನಾಟಾಳಿಗೆ ಆ ಮಕ್ಕಳ ಮೇಲೂ, ಓದಿದವರ ಮೇಲೂ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಹೇಸಿಗೆ.

ಅಭ್ಯಾಸದ ನಡುವೆ ಊಟಕ್ಕೆ ಬಿಟ್ಟಾಗ ಅವಳು ಅವನನ್ನು ಸಮುದ್ರದ ಕಟ್ಟೆಗೆ ಎಳೆದೊಯ್ದಳು. ಇಬ್ಬರ ಕೈಯಲ್ಲೂ ರೊಟ್ಟಿಯಲ್ಲಿ ಮೀನು ಸುತ್ತಿದ ಟಾಕೋ. ಅವನದು ಅಂಗಿಯ ಮೇಲೆ ಸೋರಿತು. ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

"ಈಗೇನು ಕೆಲಸ ನಿಂದು?"

"ಪಿಯಾನೋ ಶ್ರುತಿ ಮಾಡ್ತೀನಿ. ಫ್ರೆಸ್ನೋದಲ್ಲಿ."

"ಥೂ ನಿನ್ನ! ಚರ್ಚಿನ ಅಜ್ಜಿಯರಿಗಾ?"

"ಅಜ್ಜಿಯರು ಕೇಕ್ ಕೊಡ್ತಾರೆ. ನೀನು ಏನ್ ಕೊಟ್ಟಿದ್ದೆ? ನಜ್ಜಿದ ಡಬ್ಬ."

"ಮನೇಲಿ ಯಾರಿದಾರೆ?"

"ಒಬ್ಬಳು ಮದುವೆ ಆಗಿದ್ಲು. ಬೇಗ ಬುದ್ಧಿ ಬಂತು ಅವಳಿಗೆ. ನಿನಗೆ?"

"ನನ್ನವನಿಗೆ ಬುದ್ಧಿ ಬರೋ ತನಕ ಕಾಯ್ಲಿಲ್ಲ, ನಾನೇ ಅಟ್ಟಿದೆ." ಅವಳು ಬೆರಳು ನೆಕ್ಕಿಕೊಂಡಳು. "ಆ ಹಾಡಿನ ಮಾತು ಹೇಳೋ."

"ಮರೆತೆ ಅಂದ್ನಲ್ಲ."

"ನಿನ್ನ ಕಿವಿ ನೋಡ್ಕೋ ಹೋಗು, ಟೊಮೇಟೊ ಆಗಿದೆ."

ಅವನು ಟಾಕೋವನ್ನು ಕಟ್ಟೆಯ ಮೇಲಿಟ್ಟು ನೀರಿನ ಕಡೆ ತಿರುಗಿದ. ಆಮೇಲೆ ಹಾಡದೆ, ಮಗ್ಗಿ ಒಪ್ಪಿಸುವ ಹಾಗೆ ಹೇಳಿದ. ಸೈರನ್ ಕೂಗುತ್ತದೆ, ಕಾರ್ಖಾನೆಯ ಗೇಟು ತೆರೆಯುತ್ತದೆ. ಒಬ್ಬಳು ಬರುತ್ತಾಳೆ. ಮೀನಿನ ವಾಸನೆಗೆ ಬಸ್ಸಿನ ಜನವೆಲ್ಲ ಉಸಿರು ಬಿಗಿಹಿಡಿದು ಅವಳಿಗೆ ಜಾಗ ಬಿಡುತ್ತಾರೆ. ನಾನೂ ಉಸಿರು ಬಿಗಿಹಿಡಿಯುತ್ತೇನೆ, ಆದರೆ ವಾಸನೆಗಲ್ಲ.

ರೆನಾಟಾಳ ಕೈಯ ಟಾಕೋ ತಣ್ಣಗಾಗಿತ್ತು.

"ಮತ್ತೆ ಆ ಬೂಟಿನವನು? ಕಂಪನಿಯವನು?"

"ಯಾವ ಕಂಪನಿ?" ವರ್ಜಿಲ್ ತಬ್ಬಿಬ್ಬಾದ. "ಅವನು ನನ್ನ ಚಿಕ್ಕಪ್ಪ ಕಣೇ. ನನ್ನ ಸಾಕಿದವನು. ಬೇಕರ್ಸ್‌ಫೀಲ್ಡಿಂದ ನಿನ್ನ ನೋಡೋಕೆ ಅಂತ ಬಂದಿದ್ದ. ಹುಡುಗಿ ನೋಡೋಕೆ ಹೋಗ್ತಿದೀನಿ ಅಂತ ಬೂಟಿಗೆ ಪಾಲಿಷ್ ಹಾಕಿಸಿಕೊಂಡಿದ್ದ, ಪಾಪ."

"ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?"

"ಹಾಡಿನಲ್ಲಿ ಹೇಳ್ದೆ. ನೀನು ಬಾರಿಸಿದ್ದೇ ಉತ್ತರ ಅಂದ್ಕೊಂಡೆ. ಊರಿಗೆ ಊರೇ ಚಪ್ಪಾಳೆ ಹೊಡೀತಲ್ಲ ಅದಕ್ಕೆ."

ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. "ದಡ್ಡ," ಅಂದಳು. "ನೀನೊಬ್ಬ ಶತದಡ್ಡ. ಅದ್ರಲ್ಲಿ ನಾನು ನಿನಗೂ ಅಪ್ಪ."

ಊಟ ಮುಗಿಯುವಷ್ಟರಲ್ಲಿ ಹಾಲ್ ತುಂಬಿತು. ಬೋಳುತಲೆಯ ಹಳೇ ಪುಂಡರು, ಹೊಟ್ಟೆಗೆ ಬಿಗಿಯಾದ ಹಳೇ ಚರ್ಮದ ಕೋಟು, ಮೊಣಕಾಲಿಗೆ ಪಟ್ಟಿ. ಸಿಟ್ಟು ಮಾಡಿಕೊಳ್ಳಲು ಟಿಕೆಟ್ ಕೊಂಡು ಬಂದ ಜನ. ಅವರು ಬೇರೆ ಯಾವ ಹಾಡಿಗೂ ಕಾಯುತ್ತಿರಲಿಲ್ಲ. "ಎರಡನೇ ಪಾಳಿ! ಎರಡನೇ ಪಾಳಿ!" ಅಂತ ನೆಲ ಗುದ್ದುತ್ತಿದ್ದರು. ತನ್ನವರು ಎಂದು ರೆನಾಟಾ ಈ ಜಗತ್ತಿನಲ್ಲಿ ಇಟ್ಟುಕೊಂಡಿದ್ದದ್ದು ಇವರನ್ನೇ. ಎಂದೂ ಮಾರಿಕೊಳ್ಳದವಳು ಎಂದು ಅವಳ ಹೆಸರನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರೂ ಅಲ್ಲಿದ್ದರು.

ವರ್ಜಿಲ್ ತಿರುಗಿ ನೋಡಿದ. ನಿನ್ನಿಷ್ಟ, ಹೇಗಾದರೂ ಬಾರಿಸು ಎನ್ನುವಂಥ ನೋಟ. ಅವನು ಮತ್ತೊಮ್ಮೆ ಪುಡಿಯಾಗಲು ತಯಾರಾಗಿಯೇ ನಿಂತಿದ್ದ.

ಅವಳು ಕೋಲುಗಳನ್ನು ತಲೆಯ ಮೇಲೆ ಎತ್ತಿ ಒಂದಕ್ಕೊಂದು ತಟ್ಟಿದಳು. ಟಕ್. ಜನ ಎಗರಲು ಮೊಣಕಾಲು ಬಗ್ಗಿಸಿದರು. ಎರಡನೆಯ ಟಕ್ ಬರಲೇ ಇಲ್ಲ. ಆಮೇಲೆ ಬಂತು, ಪಾಳಿ ಮುಗಿಸಿ ಸುಸ್ತಾಗಿ ಮನೆಗೆ ನಡೆಯುವವಳ ಹೆಜ್ಜೆಯಷ್ಟು ನಿಧಾನಕ್ಕೆ. ಮೂರು. ನಾಲ್ಕು.

ಮೊದಲು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಕೂಗು ಶುರುವಾಯಿತು. ಬಿಯರ್ ಲೋಟವೊಂದು ಹಾರಿಬಂದು ಡ್ರಮ್ಮಿನ ಕಂಚಿನ ತಟ್ಟೆಗೆ ಬಡಿಯಿತು. "ಮಾರ್ಕೊಂಡ್ರು!" ಎಂದು ಒಬ್ಬ ಹಚ್ಚೆಯವನು ಕಿರುಚಿದ. ರೆನಾಟಾ ಅವನನ್ನು, ಅವನ ಹಿಂದಿನವರನ್ನು, ಇಡೀ ಹಾಲನ್ನು ಒಮ್ಮೆ ತಿರಸ್ಕಾರದಿಂದ ನೋಡಿದಳು. ಇದೇ ಮಂದೆಯ ಚಪ್ಪಾಳೆಗಾಗಿ ಅವಳು ಒಂದು ಇಡೀ ಆಯುಸ್ಸು ಕೊಟ್ಟಿದ್ದಳು.

ವರ್ಜಿಲ್‌ಗೆ ಹಾಡು ಎತ್ತಿಕೊಳ್ಳಲಾಗಲಿಲ್ಲ. ಅವಳ ಮಣಿಕಟ್ಟನ್ನೇ ನೋಡುತ್ತ ನಿಂತುಬಿಟ್ಟಿದ್ದ. ಅವಳು ಅದೇ ಸುತ್ತನ್ನು ಮತ್ತೆ ಬಾರಿಸಿದಳು, ಮತ್ತೂ ಒಮ್ಮೆ ಬಾರಿಸಿದಳು. ಗ್ಲೆನ್ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಜೊತೆಗೂಡಿದ.

"ಹಾಡೋ ದಡ್ಡ, ಕಾಯ್ತಿದೀನಿ!" ಅವಳು ಕೂಗಿದಳು.

ಅವನು ಹಾಡಿದ. ಸೈರನ್, ಗೇಟು, ಬಸ್ಸು, ಎಲ್ಲ ಮಾತೂ ಒಂದೊಂದಾಗಿ ಬಂತು. ದನಿ ಎರಡು ಕಡೆ ಒಡೆಯಿತು. ಹಾಡು ಮುಗಿಯುವಷ್ಟರಲ್ಲಿ ಹಾಲ್ ಅರ್ಧ ಖಾಲಿ. ಮ್ಯಾಕೆನ್ಜಿ ಕ್ಯಾಮೆರಾ ಇಳಿಸಿ ಬೆಪ್ಪಾಗಿದ್ದಳು. ಉಳಿದವರು ಉಗಿಯುತ್ತಿದ್ದರು.

ವರ್ಜಿಲ್ ಡ್ರಮ್ಮಿನ ಹತ್ತಿರ ಬಂದ. ಇಸ್ತ್ರಿ ಅಂಗಿಯ ಮೇಲೆಲ್ಲ ಬಿಯರು, ಕನ್ನಡಕದ ಹಿಂದೆ ಕಣ್ಣು ಒದ್ದೆ. ಬಗ್ಗಿ ಅವಳ ಕಿವಿಯ ಬಳಿ ಹೇಳಿದ: "ಥೂ, ಎಂಥ ಗಲೀಜು ಬಾರಿಸ್ತೀಯೇ."

ಅವಳು ಒದ್ದೆಯಾದ ಅವನ ಕಾಲರು ಹಿಡಿದು ಎಳೆದು ಮುತ್ತಿಟ್ಟಳು. ಹಾಲ್‌ನಲ್ಲಿ ಮತ್ತೊಂದು ಲೋಟ ಹಾರಿತು.

"ಇನ್ನೊಂದ್ಸಲ ಹಾಡು," ಅಂದಳು.

"ಹಾಡಿದ್ದನ್ನ ಮತ್ತೆ ಹಾಡೋ ಹಾಗಿಲ್ಲವಲ್ಲೇ ನಾವು."

"ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ," ಅಂದಳು ರೆನಾಟಾ, ಕೋಲುಗಳನ್ನು ಮೇಲೆತ್ತುತ್ತ. "ಈ ಸಲ ಇನ್ನೂ ನಿಧಾನಕ್ಕೆ."